ಎರಡು ಕೆಲಸದ ಕುದುರೆ

ಕೌಲ್ ಬಜಾರಿನ ನಮ್ಮ ಅಂಗಡಿಗೆ ಈಗ ಬರುವುದೆಲ್ಲ
ಜೀನ್ಸ್ ಹೊಲಿಯುವ ಮಷೀನುಗಳು:
ಸೂಜಿ ಮುರಿದದ್ದು, ಹಲ್ಲು ಸವೆದದ್ದು,
ನೀಲಿ ನೂಲಿನ ಧೂಳು ಕುಡಿದು ಉಸಿರು ಕಟ್ಟಿದ್ದು.
ಬಂದೂಕು ರಿಪೇರಿಯ ಲೈಸೆನ್ಸು ಮಾತ್ರ
ಅಪ್ಪನ ಫೋಟೋ ಪಕ್ಕ, ಗಾಜಿನೊಳಗೆ.
ತಪ್ಪದೆ ಚಲನ್ ಕಟ್ಟುತ್ತೇನೆ.
ಯಾಕೆ ಅಂದರೆ ಯಾಕೂ ಇಲ್ಲ.

ಮೊನ್ನೆ ಕೊಳಗಲ್ಲಿನ ಎರ್ರೆಪ್ಪಗೌಡರ ಮೊಮ್ಮಗ
ಟವೆಲಿನಲ್ಲಿ ಸುತ್ತಿ ತಂದ, ಹಸುಗೂಸಿನ ಹಾಗೆ.
ಜೊತೆಗೆ ಸಿಕಂದರಾಬಾದಿನ ಸಂಗ್ರಹಕಾರರು,
ಬಿಳಿ ಕೈಗವಸು, ಅಕ್ಕಸಾಲಿಗರ ಭೂತಗನ್ನಡಿ.
"ಮೇಸ್ತ್ರಿ ಎಲ್ಲಿ?" ಅಂದರು.
ನಾನೇ, ಅಂದೆ. ಸೀರೆ ಸೆರಗಿಗೆ ಕೈ ಒರೆಸಿಕೊಂಡೆ.

ಲಂಡನ್ನಿನ ಮಾಲು. ಐದು ಗುಂಡಿನ ಗಾಲಿ.
ನೂರರವತ್ತು ವರ್ಷದ ಉಕ್ಕು, ಇನ್ನೂ ಬೆವರುತ್ತದೆ.
ಡಬಲ್ ಆ್ಯಕ್ಷನ್, ಅಂದರು, ಮಂತ್ರ ಕೊಟ್ಟಂತೆ ಮೆಲ್ಲಗೆ.
ಮೋನಪ್ಪಾಚಾರಿ, ನಮ್ಮಜ್ಜ, ಇದಕ್ಕೆ ಅನ್ನುತ್ತಿದ್ದದ್ದು
ಎರಡು ಕೆಲಸದ ಕುದುರೆ.
ಹಳೆಯವಕ್ಕೆ ಮೊದಲು ಹೆಬ್ಬೆರಳು ಸುತ್ತಿಗೆ ಎತ್ತಬೇಕು,
ಆಮೇಲೆ ತೋರುಬೆರಳು ಕುದುರೆ ಎಳೆಯಬೇಕು.
ಇದಕ್ಕೆ ಒಂದೇ ಎಳೆತ;
ಏಳಿಸುವುದೂ ಅದೇ, ಬೀಳಿಸುವುದೂ ಅದೇ.
ನಡುವೆ ಮನಸ್ಸು ಬದಲಿಸಲು ಉಳಿದ ಜಾಗ
ಒಂದು ಜೋಳದ ಕಾಳು.

"ಯಾರನ್ನಾದರೂ ಕೊಂದ ದಾಖಲೆ ಇದೆಯಾ?"
ಗೌಡರ ಮೊಮ್ಮಗ ಗಂಟಲು ಸರಿಮಾಡಿಕೊಂಡ.
ದಂಡು, ದರೋಡೆ, ಕೋಟೆ ಮೆಟ್ಟಿಲು, ಬಿಳಿ ಕ್ಯಾಪ್ಟನ್:
ಗಣಿಯ ಲಾರಿ ಸುರಿದ ಹಾಗೆ ಸುರಿದ, ಕೆಂಪಗೆ.
ನಾನು ಸ್ಕ್ರೂ ಬಿಚ್ಚುತ್ತಿದ್ದೆ.

ನನಗೆ ಗೊತ್ತಿರುವುದು
ಅಪ್ಪ ಹೇಳಿದ್ದು ಅರ್ಧ,
ಅಜ್ಜನ ಖಾತೆ ಪುಸ್ತಕದಲ್ಲಿ ಗೆದ್ದಲು ಬಿಟ್ಟದ್ದು ಅರ್ಧ.
ರೈಲ್ವೆ ಗೇಟಿನ ಹತ್ತಿರ ಪೀರಾಸಾಬನ ಜಟಕಾ ಮಗುಚಿತ್ತು,
ಕುದುರೆಯ ಮುಂಗಾಲು ಎರಡು ತುಂಡು.
ಬಳ್ಳಾರಿಯ ಬಿಸಿಲು, ಕೇಳಬೇಕೆ.
ಯಾರೋ ಗೌಡರ ಮನೆಗೆ ಓಡಿ ಇದನ್ನು ತಂದರು
ದಯೆಗಾಗಿಯೇ.
ಐದು ಸಲ ಎಳೆದರು.
ಐದು ಸಲವೂ ಟಕ್.
ಒಳಗಿನ ಕಮಾನು ಸೋತಿತ್ತು, ಸುತ್ತಿಗೆಗೆ ಸಿಟ್ಟಿರಲಿಲ್ಲ.
ಪ್ರತಿ ಟಕ್ಕಿಗೂ ಕುದುರೆ ಕಿವಿ ನಿಮಿರಿಸಿತಂತೆ,
ಪೀರಾಸಾಬ ನಾಲಗೆ ಟಕ್ ಅನ್ನಿಸಿ ಹೊರಡಿಸುತ್ತಿದ್ದದ್ದು ಹಾಗೆಯೇ.
ಏಳಲು ನೋಡಿತಂತೆ. ಐದು ಸಲ.
ಸಂಜೆಗೆ ತಾನೇ ಸತ್ತಿತು.

ಮರುದಿನ ಪಿಸ್ತೂಲೂ ಬಂತು, ಮುರಿದ ಗಾಡಿಯೂ ಬಂತು
ಇದೇ ಕುಲುಮೆಗೆ.
ಜಟಕಾದ ಅಡಿಪಟ್ಟಿಯಿಂದ ಚೂರು ಕತ್ತರಿಸಿ
ಕಾಸಿ, ಮಡಿಚಿ, ಎಣ್ಣೆಗೆ ಅದ್ದಿ, ಮತ್ತೆ ಕಾಸಿ
ಅಜ್ಜ ಹೊಸ ಕಮಾನು ಕೂರಿಸಿದ.
ಖಾತೆಯಲ್ಲಿದೆ: ಕಮಾನು ಒಂದು, ಗೌಡರಿಂದ ಎಂಟಾಣೆ.
ಕೆಳಗೆ ಇನ್ನೊಂದು ಸಾಲು: ಪೀರಾಸಾಬನಿಗೆ ನಾಲ್ಕಾಣೆ.

ಆಮೇಲೆ ಇದು ಹಾರಿದ್ದೇ ಇಲ್ಲ.
ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಮಲಗಿ
ರಸೀದಿ ಹಿಡಿದು ಮನೆಗೆ ಬಂದಿದೆ.
ಚೀಲದಲ್ಲಿ ಹನ್ನೊಂದು ರಸೀದಿ.
ಒಬ್ಬ ದಫೇದಾರ ಬರೆದಿದ್ದಾನೆ:
ಹಳೇ ಪಿಸ್ತೂಲು, ಒಂದು. ಸ್ವಭಾವ ಸಾಧು.

ಸಂಗ್ರಹಕಾರರು ಭೂತಗನ್ನಡಿ ಇಳಿಸಿದರು.
"ಕಮಾನು ಅಸಲಿ ಅಲ್ಲ. ಯಾವನೋ ಹಳ್ಳಿ ಕಮ್ಮಾರ ಹಾಳು ಮಾಡಿದ್ದಾನೆ."
ಬೆಲೆ ಒಂದು ಲಕ್ಷ ಇಳಿಯಿತು.
ಜೇಬಿನಿಂದ ಪುಟ್ಟ ಡಬ್ಬಿ ತೆಗೆದರು, ಹತ್ತಿಯ ಮೇಲೆ
ಅದೇ ಕಾಲದ ಇಂಗ್ಲೆಂಡಿನ ಕಮಾನು.
"ಇದನ್ನು ಹಾಕಿಕೊಡಿ."

ಹಾಕಿಕೊಟ್ಟೆ. ನನ್ನ ಕಸುಬು ಅದು.
ಮೊದಲು ಎಳೆದರೆ ಸಣ್ಣಗೆ ಕಿರುಗುಟ್ಟುತ್ತಿತ್ತು,
ಗುಂಡಿಗೆ ಇಳಿದ ಗಾಡಿಯ ಹಾಗೆ.
ಈಗ ಇಲ್ಲ. ಬೆಣ್ಣೆ.

ಬಿಲ್ಲು ಬರೆದೆ:
ಕಮಾನು ಬದಲು, ಒಂದು. ಕೂಲಿ ಆರುನೂರು.
ಹಳೆಯದನ್ನು ಗಿರಾಕಿ ಬಿಟ್ಟುಹೋಗಿದ್ದಾರೆ.