ಕೊನೆಯ ಪುಟದ ದರ

ಕಾನೋ ಪಟ್ಟಣದ ಸಬೋನ್ ಗರಿಯಲ್ಲಿ
ಫೋಟೋ ಸ್ಟುಡಿಯೋಗೂ ಟೈರಿನಂಗಡಿಗೂ ನಡುವೆ
ಎರಡು ಮೇಜು ಹಿಡಿಸುವಷ್ಟು ಜಾಗ ನನ್ನದು.
ಅರ್ಜಿ, ಬಾಡಿಗೆ ಕರಾರು, ಮದುವೆಯ ಕರೆಯೋಲೆ,
ಯಾರು ಏನು ತಂದರೂ ಬೆರಳಚ್ಚು, ಪುಟಕ್ಕಿಷ್ಟು.

ಅಸಾಬೆ ಮೊದಲು ಬಂದದ್ದು
ಹರ್ಮಟಾನ್ ಧೂಳು ಬೀಸುವ ತಿಂಗಳಲ್ಲಿ.
ಬಕೀಟಿನ ತುಂಬ ಸಜ್ಜೆ, ಸಜ್ಜೆಯ ಕೆಳಗೆ
ಎಂಬತ್ತು ಪುಟದ ನಾಲ್ಕು ನೋಟುಬುಕ್ಕು,
ರಟ್ಟಿನ ಹಿಂದೆ ಹನ್ನೆರಡರವರೆಗೆ ಮಗ್ಗಿ.
"ಕಥೆ," ಅಂದಳು, ಕಳವಿನ ಮಾಲು ಒಪ್ಪಿಸುವವಳ ಹಾಗೆ.
"ಪುಟಕ್ಕೆಷ್ಟು?"
ಹೇಳಿದೆ. ಚೌಕಾಸಿಗಿಳಿದಳು.
ಕಥೆ ಬರೆದವರು ಚೌಕಾಸಿ ಮಾಡುವುದನ್ನು
ನಾನು ಅಲ್ಲಿಯವರೆಗೆ ನೋಡಿರಲಿಲ್ಲ.
ಕಥೆ ಬರೆದವರನ್ನೇ ನೋಡಿರಲಿಲ್ಲ ಅನ್ನಿ.

ಎರಡು ಆಡು ಮಾರಿದಳು, ಐನೂರು ಪ್ರತಿ.
ಅರ್ಧ ಮುಂಗಡವಿಲ್ಲದೆ ಯಂತ್ರ ತಿರುಗದು ಅಂದ
ಪ್ರೆಸ್ಸಿನ ಒಕ್ವುದಿಲಿ.
ಅಂಗಡಿಯವರು ಮಾರಿದ ಮೇಲೆ ಕೊಡುತ್ತೇವೆ ಅಂದರು,
ಮಾರಿದರು, ಮರೆತರು.
ಗೋದಾಮಿನಲ್ಲಿ ಉಳಿದದ್ದಕ್ಕೆ ಇಲಿ ಬಿತ್ತು.
ಮಗ್ಗಿಯ ರಟ್ಟಿನೊಳಗೆ ಅವಳ ಮೊದಲ ಜಮಾಖರ್ಚು:
ಇಲಿಗೆ, ನಲವತ್ತು.

ಎರಡನೆಯದಕ್ಕೆ ಬುದ್ಧಿ ಕಲಿತಿದ್ದಳು.
ಮೊದಲ ಭಾಗ ಮುಗಿಯುವುದು
ಲಾರೈಯ ಕೈ ಬಾಗಿಲ ಚಿಲಕದ ಮೇಲಿರುವಾಗ.
ಚಿಲಕ ತೆಗೆಯುವುದು ಎರಡನೆಯ ಭಾಗದಲ್ಲಿ,
ರಂಜಾನ್ ಕಳೆದ ಮೇಲೆ,
ಹೆಂಗಸರ ಸೆರಗಿನ ಗಂಟಲ್ಲಿ
ಹಬ್ಬದ ದುಡ್ಡು ಇನ್ನೂ ಉಳಿದಿರುವಾಗ.

ಆ ಆರು ವಾರ
ಬಾಗಿಲಾಚೆ ಯಾರೆಂದು ಬಲ್ಲವರು
ಊರಿಗೆಲ್ಲ ಇಬ್ಬರೇ: ಅವಳು, ನಾನು.
ಮಾಸಾ ಬೇಯಿಸುವ ಡೆಲು ಕೇಳಿದಳು.
ಬಿಸಿಬಿಸಿ ನಾಲ್ಕು, ಮೇಲೆ ಕಡಲೆಕಾಯಿ ಖಾರದಪುಡಿ.
ನಾಲಿಗೆ ಜಾರಿತು.
ಸಂಜೆಯೊಳಗೆ ಪೇಟೆ, ಮರುದಿನ ಓಣಿ ಓಣಿ.
ತಳ್ಳುಗಾಡಿಯಲ್ಲಿ ವಾಪಸು ಬಂದವು ಕಟ್ಟುಗಳು,
ಹುರಿ ಬಿಚ್ಚದೆ.

ಅಸಾಬೆ ಬಂದಳು. ಬೈಯಲಿಲ್ಲ.
ಬೈದಿದ್ದರೆ ಹಗುರವಾಗುತ್ತಿತ್ತು.
ನನ್ನ ಕಣ್ಣೆದುರೇ ಪುಸ್ತಕ ಬಿಚ್ಚಿ
ಇಲಿಯ ಸಾಲಿನ ಕೆಳಗೇ ಬರೆದಳು:
ಹಾಬುವಿನ ನಾಲಿಗೆಗೆ, ಇನ್ನೂರು.

ಆಮೇಲಿನ ಪುಸ್ತಕದಿಂದ
"ಕೊನೆಯ ಪುಟ ನಾನೇ ಹೊಡೆಯುತ್ತೇನೆ. ಹೋಗು, ನೀರು ತಾ."
ನನ್ನ ಕುರ್ಚಿ, ನನ್ನ ಯಂತ್ರ, ಅವಳ ಒಂದೇ ಬೆರಳು.
ಮಧ್ಯಾಹ್ನದ ನಮಾಜಿಗೆ ಕೂತವಳು
ಇಳಿಹೊತ್ತಿನ ಬಾಂಗಿಗೆ ಏಳುತ್ತಿದ್ದಳು,
ಹಾಳೆ ಮಡಚಿ, ಕುಪ್ಪಸದೊಳಗಿಟ್ಟು.
ಆ ಒಂದು ಪುಟದ ದರವನ್ನು ನನ್ನ ಬಿಲ್ಲಿನಿಂದ ಕಳೆದು.

ನಲವತ್ತೊಂದು ಪುಸ್ತಕ ಆದವು.
ಬೆಳಗಿನ ಜಾವ ಮನೆ ಏಳುವ ಮುಂಚೆ ಮೂರು ಗಂಟೆ,
ಮಗು ಹೆತ್ತ ತಿಂಗಳಲ್ಲೂ.
ಯಾರು ಓದುತ್ತಾರೆ ಎಂದಿದ್ದ ಗಂಡ
ಈಗ ಬೈಕಿನ ಹಿಂದೆ ಕಟ್ಟು ಬಿಗಿದು ಕಡುನಾವರೆಗೆ ಹೋಗುತ್ತಾನೆ.
ಕಾಲೇಜಿನ ಹುಡುಗಿಯೊಬ್ಬಳು ಬಂದು ಕೇಳಿದಳು,
ಸ್ಫೂರ್ತಿ ಯಾವಾಗ ಬರುತ್ತದೆ, ಅತ್ತೆ?
"ಬಾಡಿಗೆ ಐದನೇ ತಾರೀಕು. ಅದಕ್ಕೆ ಮುಂಚೆ."

ಒಮ್ಮೆ ಧೈರ್ಯ ಮಾಡಿ ಕೇಳಿದೆ
ನನಗೊಂದು ಪ್ರತಿ, ಗೌರವಕ್ಕೆ?
"ಹಾಬು, ಇಷ್ಟು ವರ್ಷದಲ್ಲಿ ಯಾವತ್ತಾದರೂ
ಒಂದು ಪುಟ ಪುಕ್ಕಟೆ ಹೊಡೆದಿದ್ದೀಯಾ?"
ಇಲ್ಲ.

ಹೀಗಾಗಿ ಹೊರಗೆ ನಿಲ್ಲುತ್ತೇನೆ, ಕೈಯಲ್ಲಿ ಕೆಟಲು,
ಜನರೇಟರಿನ ಗದ್ದಲದೊಳಗೆ ಕೀಲಿಗಳ ಸದ್ದಿಗೆ ಕಿವಿಗೊಟ್ಟು.
ಪಟಪಟ ಬಂದರೆ ಮದುವೆ ಇರಬಹುದು.
ತುಂಬ ಹೊತ್ತು ಸದ್ದೇ ಇಲ್ಲದಿದ್ದರೆ
ಯಾರೋ ಹೋದರು.
ತಿಂಗಳ ಮೇಲೆ ಪೇಟೆಯಲ್ಲಿ, ಪೂರ್ತಿ ದರ ಕೊಟ್ಟು,
ಹಿಂದಿನಿಂದ ತೆರೆಯುತ್ತೇನೆ.
ಮುನ್ನೂರು ಪುಟ ನನ್ನವು, ಒಂದಕ್ಷರ ಆಚೀಚೆ ಇಲ್ಲ.
ಕೊನೆಯ ಪುಟದಲ್ಲಿ ಮಾತ್ರ
ಎರಡು ಸಲ ಒತ್ತಿದ ಅಕ್ಷರ, ಬಿಟ್ಟುಹೋದ ಚುಕ್ಕೆ.
ಓದುವವರು ಅಳುತ್ತಿರುತ್ತಾರೆ, ಕಾಣುವುದಿಲ್ಲ.
ನನಗೆ ಕಾಣುತ್ತದೆ.
ಡೆಲು ಈಗಲೂ ಕರೆಯುತ್ತಾಳೆ, ಬಾ, ಬಿಸಿ ಇದೆ.
ದುಡ್ಡು ಕೊಟ್ಟು ತಿನ್ನುತ್ತೇನೆ,
ಬಾಯಿ ತೆರೆಯುವುದು ಅಷ್ಟಕ್ಕೇ.