ಮನಿಯಾಗ ಯಾರಿಗೆ ನೆಗಡಿ

ಕಂಪ್ಯೂಟರಿನ್ಯಾಗ ನನ್ನ ಪುಪ್ಪುಸ ತೋರಿಸಿದರು
ಕಡಕೋಳ ಡಾಕ್ಟರು. ಕಪ್ಪಿರಬೇಕಾದಲ್ಲಿ ಮಬ್ಬು,
ಜಳಕ ಮಾಡಿದ ಮ್ಯಾಲ ಕನ್ನಡಿ ಇರತೈತಲ್ಲ, ಹಂಗ.
"ಔಷಧದ ಉರಿ ಇರಬಹುದು, ವೈರಸ್ಸೂ ಇರಬಹುದು.
ನೋಡಾಕ ಎರಡೂ ಒಂದ."

ಹಳೇ ಬಾಗಲಕೋಟಿಗೆ ಹಿನ್ನೀರು ಬಂದ ವರ್ಷ
ಅಪ್ಪ ಸುಣ್ಣದ ಗೆರಿ ಎಳದು ದಿನಾ ಮುಂಜಾನೆ ಎಣಿಸ್ತಿದ್ದ.
ಗದ್ದಲ ಮಾಡಲಿಲ್ಲ ನೀರು.
ಒಂದು ಪಾವಟಿಗಿ. ಮತ್ತೊಂದು ಪಾವಟಿಗಿ.

ಇಪ್ಪತ್ತಾರು ವರ್ಷ ಕಂಡಕ್ಟರ್ ನಾನು,
ಬಾಗಲಕೋಟಿಯಿಂದ ಬೆಳಗಾವಿ, ಲೋಕಾಪುರ ಯರಗಟ್ಟಿ ಮ್ಯಾಲ ಹಾಸಿ.
ಒಂದು ಸೀಟಿಗೆ ಗಾಡಿ ನಿಲ್ಲತಿತ್ತು, ಎರಡಕ್ಕ ಹೊಂಡತಿತ್ತು.
ಈಗ ಅದ ರಸ್ತಾದಾಗ ಮೂರು ವಾರಕ್ಕೊಮ್ಮೆ
ಜೀರೋ ಟಿಕೆಟ್ ಹಿಡಕೊಂಡು ಬರತೀನಿ, ಸಲಾಯಿನ್ ಹಚ್ಚಿಸಿಕೊಳ್ಳಾಕ.
"ಮೈಯಾಗಿನ ಕಾವಲಿನ ಬ್ರೇಕ್ ತಗೀತೈತಿ ಇದು" ಅಂದಿದ್ದರು ಮೊದಲ ದಿನ.
ಬ್ರೇಕ್ ತಗದ ಗಾಡಿ ಯಾರ ಮನಿ ಹೊಗತೈತಿ ಅಂತ
ಡಿಪೋದಾಕಿ ನಾನು, ನಾನರ ಕೇಳಬೇಕಿತ್ತು.

"ಸ್ಟಿರಾಯ್ಡ್ ಕೊಟ್ರ ಉರಿ ಆರತೈತಿ.
ವೈರಸ್ ಇದ್ರ, ಅದಕ್ಕ ಬಾಗಲಾ ತಗದಂಗ.
ಮನಿಯಾಗ ಯಾರಿಗರ ನೆಗಡಿ ಇತ್ತೇನ್ರಿ?"
ಇಲ್ಲ, ಅಂದೆ.
ಮಗಳು ಗುರುದೇವಿ ನನ್ನ ಫೈಲಿನ ದಾರ ಬಿಚ್ಚಿ ಮತ್ತ ಕಟ್ಟಿದಳು.

ಪ್ರಣೀತಾ ಅಂತ ಇಟ್ಟ ಹೆಸರು, ನನ್ನ ಬಾಯಾಗ ಪನ್ನಿ.
ಮೂಗು ಸೋರಿಸ್ಕೋತ, ತಾ ಕಚ್ಚಿದ ಪ್ಯಾರಲಹಣ್ಣು
ನನ್ನ ತುಟಿಗೆ ಹಿಡದಳು. ನಾ ಬ್ಯಾಡ ಅನ್ನಲಿಲ್ಲ.
ಆರು ವರ್ಷದ ಕೂಸು. ನಾಳೆ ನಾ ಇರದಿದ್ರ
ಆ ಹಣ್ಣು ಅಕಿ ಗಂಟಲದಾಗ ಕುಂಡರಬಾರದು.

ರಾತ್ರಿ ಮೂರಕ್ಕ ಆಕ್ಸಿಜನ್ ಎಂಬತ್ತೆಂಟು.
ಸಿಸ್ಟರ್ ಫಿಲೋಮಿನಾ ನಳಿಗಿ ಸರಿ ಮಾಡಾಕ ಬಗ್ಗಿದರು.
ಟಿಕೆಟ್ ತಗೊಳ್ಳಲಾರದವರ ಮಾರಿ ನನಗ ಗೊತ್ತು:
ನಾ ಹತ್ರ ಬಂದಂಗ ಕಿಟಕಿ ನೋಡತಾರ.
ನಾನು ಕಿಟಕಿ ನೋಡಿದೆ.
ಹೊರಗ ಏನೂ ಇರಲಿಲ್ಲ, ಬರೇ ವಾರ್ಡಿನ ಟ್ಯೂಬ್‌ಲೈಟು.
"ಕೂಸಿಗಿತ್ತು" ಅಂದೆ.

ಮೂಗಿನ್ಯಾಗ ಕಡ್ಡಿ ಹಾಕಿ ಒಯ್ದರು.
ಸಂಜೀಕ ಬಂದ ಕಡಕೋಳ ಡಾಕ್ಟರು, "ಎರಡೂ ಅದಾವ್ರಿ" ಅಂದರು.
ನಕ್ಕರೇನೋ. ಮಾಸ್ಕ್ ಇತ್ತು.
ಅದಕ್ಕೊಂದು ಗುಳಿಗಿ, ಇದಕ್ಕೊಂದು ಇಂಜೆಕ್ಷನ್,
ಆ ದೊಡ್ಡ ಔಷಧ ಸದ್ಯ ಬಂದ್.
ಗಡ್ಡಿ ಏನ ಮಾಡತೈತಿ ಅಲ್ಲೀತನಾ? ಯಾರೂ ಹೇಳಲಿಲ್ಲ.

ಫೋನಿನ್ಯಾಗ ಪನ್ನಿ: "ಅಜ್ಜಿ, ಸೀಟಿ ಹೊಡಿ."
ತುಟಿ ಕೂಡಿಸಿದೆ. ಒಂದು ಬಂತು, ಸಣ್ಣದು.
ಒಂದಂದ್ರ ನಿಲ್ಲು; ಅದು ಅಕಿಗೂ ಗೊತ್ತು.
"ಇನ್ನೊಂದು" ಅಂದಳು.
ಕಾಯಾಕತ್ತಾಳ.
ಆಚಿ ಕಡಿಂದ ಉಸುರು ಕೇಳತೈತಿ,
ಇನ್ನೂ ಮೂಗು ಕಟ್ಟೇತಿ.