ಸ್ಟೇಶನ್ ಮೂರು

ಇವತ್ತು ಇಳಿತ ಬೆಳಗ್ಗೆ ಐದು ನಲವತ್ತಕ್ಕೆ.
ಹೇಳಿದ ಹೊತ್ತಿಗೆ ಬರುವುದು ನನ್ನ ಪಾಲಿಗೆ ಅದೊಂದೇ.

ಚೂಡಿದಾರ ಮೊಣಕಾಲಿಗೇರಿಸಿ, ಬಕೆಟ್ಟು, ಜರಡಿ,
ಅಂಚು ಸವೆದ ಚೌಕಟ್ಟು ಹಿಡಿದು
ಕಾಳಿಯ ಕೆಸರಿಗೆ ಇಳಿಯುತ್ತೇನೆ.
ದೇವಕಿ ತಾಂಡೇಲ ಆಗಲೇ ನೀರಿನಲ್ಲಿದ್ದಾಳೆ,
ಅಂಗಾಲಿನಿಂದಲೇ ಹುಡುಕುತ್ತಾಳೆ ಬೆಳಚು.
ನನ್ನ ಚೌಕದಲ್ಲಿ ಹನ್ನೊಂದು;
ಬರೆದುಕೊಳ್ಳುವಷ್ಟರಲ್ಲಿ ಅವಳ ಬುಟ್ಟಿ ಅರ್ಧ.
"ನಿಂದು ಒಂದು ಹೊತ್ತಿನ ಸಾರಿಗೂ ಸಾಲೂದಿಲ್ಲ."

ನಕ್ಷೆಯಲ್ಲಿ ಮೊದಲು ನಾಲ್ಕು ಸ್ಟೇಶನ್ ಇದ್ದವು.
ಒಂದು, ಕೋಡಿಬಾಗ. ಎರಡು, ಸದಾಶಿವಗಡದ ಕೆಳಗೆ.
ನಾಲ್ಕು, ಕಿನ್ನರದ ಹತ್ತಿರ, ನೀರು ಸಿಹಿಯಾಗುವಲ್ಲಿ.
ಮೂರು, ಅರ್ಗಾದ ಕಡೆ ಕೊಲ್ಲಿಯಲ್ಲಿ:
ಅರ್ಜಿ ಹಾಕಿದೆ, ವಿಭಾಗದ ಮೊಹರು, ಪೆಡ್ನೇಕರ್ ಮೇಡಂ ಸಹಿ,
ಆರು ವಾರಕ್ಕೆ ಒಂದು ಸಾಲಿನ ಉತ್ತರ.
ನನ್ನ ಗಂಡನ ಹಡಗು ನಿಲ್ಲುವ ನೀರಿಗೆ
ನನ್ನ ಬಕೆಟ್ಟಿಗೆ ಪ್ರವೇಶವಿಲ್ಲ.
ಪ್ರಬಂಧದಲ್ಲಿ ಈಗಲೂ ಒಂದು, ಎರಡು, ನಾಲ್ಕು ಎಂದೇ ಇದೆ.
ಪರೀಕ್ಷಕರು ಕೇಳಿದರೆ ಮುದ್ರಣದೋಷ ಎನ್ನಬೇಕೋ ಏನೋ.

ರೋಣದ ಎರೆಹೊಲದ ಬದಿ ಹುಟ್ಟಿದವರು ನಾವಿಬ್ಬರೂ.
ಮದುವೆಗೆ ಮೊದಲು ನಾನು ಸಮುದ್ರ ನೋಡಿದ್ದು
ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿ.
ಅವ್ವ ಫೋನಿನಲ್ಲಿ ಇನ್ನೂ ಕೇಳುತ್ತಾಳೆ:
"ಅಲ್ಲವಾ, ನೀರಾಗಿನ ಹುಳಾ ಎಣಸಾಕ ಐದು ವರ್ಸಾನ?"

ಪ್ರಭುಲಿಂಗ ಹೊರಡುವ ದಿನ ಹೇಳುವುದಿಲ್ಲ. ಹೇಳುವಂತಿಲ್ಲ.
ಹಿಂದಿನ ರಾತ್ರಿ, ಅರ್ಧ ಇದ್ದರೂ,
ಗ್ಯಾಸ್ ಸಿಲಿಂಡರ್ ಬದಲಿಸುತ್ತಾನೆ.
ಆ ಕಬ್ಬಿಣ ನೆಲಕ್ಕೆ ಉಜ್ಜುವ ಸದ್ದು ಕೇಳಿದರೆ
ನಾನು ಚಪಾತಿ ಹಿಟ್ಟಿಗೆ ಇನ್ನೊಂದು ಹಿಡಿ ಸೇರಿಸುತ್ತೇನೆ,
ಏನೂ ಕೇಳುವುದಿಲ್ಲ.

ಗೇಟಿನಲ್ಲಿ ತೋರಿಸುವ ಕಾರ್ಡಿನಲ್ಲಿ ನಾನು ಡಿಪೆಂಡೆಂಟ್.
ಮಧ್ಯಾಹ್ನ ಎಂಎಸ್ಸಿ ಮಕ್ಕಳಿಗೆ ಹೇಳಿಕೊಡುತ್ತೇನೆ:
ಉಪ್ಪು ಸ್ವತಂತ್ರ ಚರ,
ಬೆಳಚಿನ ಬೆಳವಣಿಗೆ ಅವಲಂಬಿತ ಚರ.
ಅವರು ಬರೆದುಕೊಳ್ಳುತ್ತಾರೆ.
ಚರ ಅಂದರೆ ಚಲಿಸುವುದು ಅಲ್ಲವಾ ಮೇಡಂ, ಎನ್ನುತ್ತಾನೆ ಒಬ್ಬ.
ಹೌದು ಎನ್ನುತ್ತೇನೆ; ಬೋರ್ಡು ಒರೆಸುತ್ತೇನೆ.

ಚಿಪ್ಪಿನ ಮೇಲೆ ಗೆರೆಗಳಿರುತ್ತವೆ.
ಮಳೆಗಾಲದಲ್ಲಿ ಉಪ್ಪು ಸೊನ್ನೆಗೆ ಇಳಿದಾಗ
ಬೆಳಚು ಬಾಯಿ ಬಿಗಿದು ಕೂರುತ್ತದೆ,
ಬೆಳೆಯುವುದಿಲ್ಲ, ಸಾಯುವುದೂ ಇಲ್ಲ.
ಹಾಗೆ ನಿಂತ ದಿನಗಳೇ ಕಪ್ಪು ಗೆರೆ.
ವಯಸ್ಸು ಎಣಿಸುವುದು ಅದರಿಂದ.

ಬುಧವಾರ ವರ್ಗದ ಆದೇಶ ಬಂತು: ವಿಶಾಖಪಟ್ಟಣ.
ನನ್ನ ಬಳಿ ಇಪ್ಪತ್ತೊಂದು ತಿಂಗಳ ಮಾದರಿ ಇದೆ, ಬೇಕಿರುವುದು ಇಪ್ಪತ್ತನಾಲ್ಕು.
ಪಕ್ಕದ ಮನೆಯ ಸುನೀತಾ ದಹಿಯಾ ಚಹಾ ಸೋಸುತ್ತ
ತನ್ನ ಹಿಂದಿಯಲ್ಲಿ ನಕ್ಕಳು:
ಮೂರು ಬಂದರು, ಮೂರು ಬಿ.ಎಡ್., ಮೂರೂ ಅರ್ಧ.
ಅವಳ ಟ್ರಂಕುಗಳ ಮೇಲೆ ಗಂಡನ ಹೆಸರು, ಹುದ್ದೆ, ನಂಬರು,
ಹಳೆ ಊರು ಅಳಿಸಿ ಬರೆದ ಹೊಸ ಊರು.

ಹಾಗಾಗಿ ಈ ಬೆಳಗ್ಗೆ ದೇವಕಿಯ ಕೈಗೆ
ರಿಫ್ರಾಕ್ಟೋಮೀಟರ್ ಕೊಟ್ಟೆ.
ಒಂದು ಹನಿ ಬಿಟ್ಟು, ಬೆಳಕಿನ ಕಡೆ ಹಿಡಿ,
ನೀಲಿ ಮುಗಿಯುವಲ್ಲಿ ಯಾವ ಅಂಕಿ ನೋಡು.
ಅವಳು ನೋಡಿದಳು. ಕಣ್ಣು ತೆಗೆದಳು.
ಬೆರಳು ನೀರಿಗದ್ದಿ ನಾಲಿಗೆಗಿಟ್ಟು
"ನಿನ್ನೆಗಿಂತ ಒಂದು ಚೂರು ಕಮ್ಮಿ" ಅಂದಳು.
ಕಮ್ಮಿಯೇ ಇತ್ತು.
ವಹಿಯಲ್ಲಿ ಇಪ್ಪತ್ತೇಳು ಎಂದು ಅವಳಿಂದಲೇ ಬರೆಸಿದೆ,
ಏಳು ಎಡಕ್ಕೆ ವಾಲಿತು, ಹಾಳೆ ಒದ್ದೆಯಾಯಿತು.
ಕೂಲಿ ಎಷ್ಟು ಕೊಡ್ತೆ ಎಂದು ಕೇಳಿದಳು.

ರಾತ್ರಿ ಎಲ್ಲಿಂದಲೋ ಫೋನು, ಮಾತಿನ ಹಿಂದೆಯೇ ಮಾತಿನ ನೆರಳು.
"ಎಷ್ಟಾತು?" ಅಂದ.
"ಇಪ್ಪತ್ತೊಂದು."
"ಏ, ಹತ್ತೊಂಬತ್ತ ದಿನಾ ಅಷ್ಟ" ಅಂದ.
ತಿದ್ದಲಿಲ್ಲ.

ನಾಳೆ ಇಳಿತ ಆರು ಇಪ್ಪತ್ತೇಳಕ್ಕೆ.